ಇವರ ಜುಟ್ಟು ಅವರ ಕೈಯಲ್ಲಿ, ಅವರ ಜುಟ್ಟು ಇವರ ಕೈಯಲ್ಲಿ

2018ರ ಜುಲೈ 6, ಶುಕ್ರವಾರ. ಚೀನಾದ ಈಶಾನ್ಯ ತೀರದ ಡಾಲಿಯನ್ ಬಂದರಿನ ಕಡೆಗೆ 'ಪೀಕ್ ಪೆಗಾಸಸ್' ಎಂಬ ಸರಕು ಹಡಗು ಏದುಸಿರು ಬಿಡುತ್ತಾ ಧಾವಿಸುತ್ತಿತ್ತು. ಅದರ ಒಡಲಲ್ಲಿ ಸುಮಾರು 70,000 ಟನ್ ಅಮೆರಿಕದ ಸೋಯಾ ಕಾಳು. ಒಂದು ತಿಂಗಳ ಹಿಂದೆ ಅಮೆರಿಕದ ಪಶ್ಚಿಮ ತೀರವನ್ನು ಬಿಟ್ಟಾಗ ಅದೊಂದು ಮಾಮೂಲಿ ಹಡಗು. ಆದರೆ ಅಮೆರಿಕ ತನ್ನ ಸರಕಿನ ಮೇಲೆ ಹಾಕಿದ ಸುಂಕಕ್ಕೆ ಪ್ರತಿಯಾಗಿ, ಅಂದು ಮಧ್ಯಾಹ್ನದಿಂದ ಅಮೆರಿಕದ ಸೋಯಾ ಮೇಲೆ ಶೇ 25ರಷ್ಟು ಹೆಚ್ಚುವರಿ ಸುಂಕ ಹಾಕುವುದಾಗಿ ಚೀನಾ ಹೇಳಿಬಿಟ್ಟಿತ್ತು. ಹಡಗು ಗೆರೆ ದಾಟುತ್ತದೆಯೇ ಇಲ್ಲವೇ ಎಂದು ಚೀನಾದ ಸಾಮಾಜಿಕ ಜಾಲತಾಣಗಳಲ್ಲಿ ಜನ ಕ್ರಿಕೆಟ್‌ನ ಕೊನೆಯ ಓವರ್ ನೋಡುವವರಂತೆ ನೋಡುತ್ತಾ ಕುಳಿತರು. ಹಡಗು ಕೆಲವೇ ಗಂಟೆ ತಡ ಮಾಡಿತು.

ಆಮೇಲೆ ನಡೆದದ್ದು ಇನ್ನೂ ವಿಚಿತ್ರ. ಸರಕು ಇಳಿಸಿದರೆ ಲಕ್ಷಾಂತರ ಡಾಲರ್ ಸುಂಕ, ಇಳಿಸದಿದ್ದರೆ ದಿನಕ್ಕೆ ಸಾವಿರಾರು ಡಾಲರ್ ಹಡಗಿನ ಬಾಡಿಗೆ. ಇವತ್ತು ಮಾತುಕತೆ ಆದೀತು, ನಾಳೆ ರಾಜಿ ಆದೀತು ಎಂಬ ಆಸೆಯಲ್ಲಿ ಆ ಹಡಗು ಒಂದು ತಿಂಗಳಿಗೂ ಹೆಚ್ಚು ಕಾಲ ತೀರದಾಚೆ ಹಳದಿ ಸಮುದ್ರದಲ್ಲಿ ಗಾಣದ ಎತ್ತಿನಂತೆ ಸುತ್ತು ಹಾಕಿತು. ರಾಜಿ ಆಗಲಿಲ್ಲ. ಆಗಸ್ಟ್ ಮಧ್ಯದ ಹೊತ್ತಿಗೆ ಸೋತು ಬಂದರಿಗೆ ಬಂದು ಕಾಳು ಇಳಿಸಿತು.

ಅಮೆರಿಕ ಮತ್ತು ಚೀನಾ ನಡುವಿನ ಜಗಳವನ್ನು ಅರ್ಥ ಮಾಡಿಕೊಳ್ಳಲು ಈ ಹಡಗನ್ನು ಹಿಡಿದುಕೊಂಡರೆ ದಾರಿ ಸುಲಭ. ಮೊದಲ ಪ್ರಶ್ನೆ: ತನಗೇ ಬೇಕಾದ ಕಾಳಿಗೆ ಚೀನಾ ಸುಂಕ ಹಾಕಿದ್ದೇಕೆ? ಜಗತ್ತಿನ ಹಂದಿಮಾಂಸದ ಹೆಚ್ಚುಕಡಿಮೆ ಅರ್ಧ ಭಾಗ ಚೀನಾದಲ್ಲೇ ಖರ್ಚಾಗುತ್ತದೆ. ಸೋಯಾವನ್ನು ಅರೆದು ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯೇ ಆ ಹಂದಿಗಳ ಮೇವು. ಅಂತರರಾಷ್ಟ್ರೀಯ ಮಾರುಕಟ್ಟೆಗೆ ಬರುವ ಸೋಯಾದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕೊಳ್ಳುವ ದೇಶ ತಾನೇ ಬೆಲೆ ಏರಿಸಿಕೊಂಡಿತೆಂದರೆ ಕಾರಣ ಕಾಳಿನಲ್ಲಿಲ್ಲ. ಆ ಕಾಳು ಬೆಳೆಯುವುದು ಅಯೋವ, ಇಲಿನಾಯ್, ಮಿನೆಸೋಟದಂತಹ ರಾಜ್ಯಗಳಲ್ಲಿ. ಅಲ್ಲಿನ ಹೊಲಗಳ ಬದುವಿನಲ್ಲಿ ಟ್ರಂಪ್ ಅವರ ಮತದಾರರಿದ್ದರು. 2017ರಲ್ಲಿ ಚೀನಾ ಅಮೆರಿಕದಿಂದ ಕೊಂಡ ಸೋಯಾ ಸುಮಾರು 3.2 ಕೋಟಿ ಟನ್. 2018ರಲ್ಲಿ ಅದು ಸುಮಾರು 80 ಲಕ್ಷ ಟನ್ನಿಗೆ ಕುಸಿಯಿತು. ರೈತರ ಕೋಪ ತಣಿಸಲು ವಾಷಿಂಗ್ಟನ್ ಎರಡು ವರ್ಷಗಳಲ್ಲಿ ಘೋಷಿಸಿದ ಪರಿಹಾರ 2,800 ಕೋಟಿ ಡಾಲರ್.

ಎರಡನೆಯ ಪ್ರಶ್ನೆಯನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ. ಚೀನಾದ ಹಂದಿಗಳೇನೂ ಉಪವಾಸ ಬೀಳಲಿಲ್ಲವಲ್ಲ, ಮೇವು ಎಲ್ಲಿಂದ ಬಂತು? ಬ್ರೆಜಿಲ್‌ನಿಂದ. ಅಮೆಜಾನ್ ಕಾಡು ಕಡಿದ ನೆಲದ ಸೋಯಾ ಕೊಳ್ಳುವುದಿಲ್ಲ ಎಂದು ದೊಡ್ಡ ವ್ಯಾಪಾರಿಗಳು 2006ರಲ್ಲಿ ಒಂದು ಒಪ್ಪಂದ ಮಾಡಿಕೊಂಡಿದ್ದರು. ಆದರೆ ಅದರ ಪಕ್ಕದ ಸೆರಾಡೊ ಎಂಬ ವಿಶಾಲವಾದ ಕುರುಚಲು ಕಾಡು, ಹುಲ್ಲುಗಾವಲಿಗೆ ಅಂಥ ರಕ್ಷಣೆ ಇರಲಿಲ್ಲ. ಬೇಡಿಕೆ ಆ ಕಡೆ ತಿರುಗಿದಷ್ಟೂ ನೇಗಿಲು ಒಳಕ್ಕೆ ನುಗ್ಗುತ್ತದೆ. ವಾಷಿಂಗ್ಟನ್ ಉಕ್ಕಿನ ಮೇಲೆ, ಯಂತ್ರಗಳ ಮೇಲೆ ಹಾಕಿದ ಸುಂಕ, ಅದಕ್ಕೆ ಬೀಜಿಂಗ್ ಕೊಟ್ಟ ಉತ್ತರ, ಇವೆರಡೂ ಸೇರಿ ಮೂರನೆಯ ದೇಶದ ಮಣ್ಣಿನಲ್ಲಿ ಮುಗಿದವು.

ಪತ್ರಿಕೆಗಳಲ್ಲಿ ವಿದೇಶಾಂಗ, ವಾಣಿಜ್ಯ, ಪರಿಸರ ಎಂದು ಮೂರು ಪುಟಗಳು. ಈ ಎರಡು ದೇಶಗಳ ವಿಷಯದಲ್ಲಿ ಆ ವಿಂಗಡಣೆ ಕೆಲಸಕ್ಕೆ ಬಾರದು. ಒಂದು ಪುಟದ ಸುದ್ದಿಗೆ ಕಾರಣ ಇನ್ನೊಂದು ಪುಟದಲ್ಲಿರುತ್ತದೆ, ಪರಿಣಾಮ ಮೂರನೆಯದರಲ್ಲಿ.

ಹೊಟ್ಟೆನೋವಿನಿಂದ ಶುರುವಾದ ಸ್ನೇಹ

1949ರಲ್ಲಿ ಮಾವೋ ಚೀನಾದಲ್ಲಿ ಅಧಿಕಾರ ಹಿಡಿದ ಮೇಲೆ ಎರಡು ದಶಕ ಅಮೆರಿಕಕ್ಕೂ ಬೀಜಿಂಗ್‌ಗೂ ಮಾತೇ ಇರಲಿಲ್ಲ. ಸೋತು ತೈವಾನ್ ದ್ವೀಪಕ್ಕೆ ಓಡಿಹೋದ ಚಿಯಾಂಗ್ ಕೈಷೇಕ್ ಸರ್ಕಾರವೇ ನಿಜವಾದ ಚೀನಾ ಎಂದು ಅಮೆರಿಕ ಹೇಳುತ್ತಿತ್ತು. 1971ರ ಜುಲೈನಲ್ಲಿ ಅಧ್ಯಕ್ಷ ನಿಕ್ಸನ್ ಅವರ ಸಲಹೆಗಾರ ಹೆನ್ರಿ ಕಿಸಿಂಜರ್ ಪಾಕಿಸ್ತಾನಕ್ಕೆ ಬಂದವರು ಹೊಟ್ಟೆ ಕೆಟ್ಟಿದೆ ಎಂದು ನೆಪ ಹೇಳಿ ಪತ್ರಕರ್ತರ ಕಣ್ಣು ತಪ್ಪಿಸಿ ಬೀಜಿಂಗ್‌ಗೆ ಹಾರಿದರು. ಅಲ್ಲಿ ಪ್ರಧಾನಿ ಚೌ ಎನ್‌ಲಾಯ್ ಅವರ ಜೊತೆ ಮಾತುಕತೆ. ಸೋವಿಯತ್ ಒಕ್ಕೂಟ ಇಬ್ಬರಿಗೂ ಶತ್ರು. ಆ ಒಂದು ಶತ್ರುತ್ವವೇ ಸ್ನೇಹಕ್ಕೆ ಬಂಡವಾಳ. ಪೂರ್ವ ಬಂಗಾಳದ ನಿರಾಶ್ರಿತರು ನಮ್ಮ ಗಡಿಯೊಳಕ್ಕೆ ಹರಿದು ಬರುತ್ತಿದ್ದ ತಿಂಗಳುಗಳವು. ಅಮೆರಿಕ, ಪಾಕಿಸ್ತಾನ, ಚೀನಾ ಮೂವರೂ ಒಂದೇ ಪಂಕ್ತಿಯಲ್ಲಿ ಕುಳಿತದ್ದನ್ನು ಕಂಡ ದೆಹಲಿ, ಒಂದೇ ತಿಂಗಳಲ್ಲಿ ಮಾಸ್ಕೊ ಜೊತೆ ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿತು.

1972ರ ಫೆಬ್ರುವರಿಯಲ್ಲಿ ನಿಕ್ಸನ್ ಚೀನಾಕ್ಕೆ ಹೋದರು. ಹೊರಬಿದ್ದ ಶಾಂಘೈ ಪ್ರಕಟಣೆಯಲ್ಲಿ ತೈವಾನ್ ಬಗ್ಗೆ ಬರೆದ ಒಂದು ವಾಕ್ಯದ ಮೇಲೆ ಇವತ್ತಿಗೂ ಎರಡು ದೇಶಗಳ ಸಂಬಂಧ ನಿಂತಿದೆ. ಜಲಸಂಧಿಯ ಎರಡೂ ಬದಿಯ ಚೀನೀಯರು 'ಚೀನಾ ಒಂದೇ, ತೈವಾನ್ ಅದರ ಭಾಗ' ಎನ್ನುತ್ತಾರೆ ಎಂಬುದು ಅಮೆರಿಕದ ಗಮನದಲ್ಲಿದೆ, ಇಷ್ಟೇ ಅದರ ಅರ್ಥ. ಆಸ್ತಿ ಭಾಗದ ಪಂಚಾಯಿತಿಯಲ್ಲಿ ಕುಳಿತು ಎದ್ದವರಿಗೆ ಇದರ ಸೂಕ್ಷ್ಮ ಹೇಳಿಕೊಡಬೇಕಾಗಿಲ್ಲ. 'ನಿಮ್ಮ ಮಾತು ಕೇಳಿಸಿಕೊಂಡೆವು' ಎನ್ನುವುದು ಬೇರೆ, 'ನಿಮ್ಮ ಮಾತಿಗೆ ಒಪ್ಪಿದೆವು' ಎನ್ನುವುದು ಬೇರೆ. 1979ರ ಜನವರಿ 1ರಂದು ಪೂರ್ಣ ರಾಜತಾಂತ್ರಿಕ ಸಂಬಂಧ ಏರ್ಪಟ್ಟಾಗಿನ ಪ್ರಕಟಣೆಯಲ್ಲಿ ಇಂಗ್ಲಿಷ್ ಪ್ರತಿ 'ಕೇಳಿಸಿಕೊಂಡೆವು' ಎಂಬಲ್ಲೇ ನಿಂತಿತು, ಚೀನೀ ಪ್ರತಿಯಲ್ಲಿ ಮಾತ್ರ 'ಒಪ್ಪಿದೆವು' ಎಂದು ಓದಬಹುದಾದ ಪದ ಬಂದು ಕುಳಿತಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಅಮೆರಿಕದ ಸಂಸತ್ತು ತೈವಾನ್‌ಗೆ ರಕ್ಷಣಾ ಶಸ್ತ್ರ ಒದಗಿಸುವ ಕಾಯ್ದೆಯನ್ನೂ ಮಾಡಿತು.

ಬೇಕೆಂದೇ ಮಸುಕಾಗಿ ಬರೆದ ಈ ಕಾಗದ ನಲವತ್ತೈದು ವರ್ಷಗಳಿಗೂ ಹೆಚ್ಚು ಕಾಲ ಶಾಂತಿ ಕಾಪಾಡಿದೆ. ಸ್ಪಷ್ಟವಾಗಿ ಬರೆದಿದ್ದರೆ ಸಹಿಯೇ ಬೀಳುತ್ತಿರಲಿಲ್ಲ. ಹಾಗಾಗಿ ತೈವಾನ್‌ಗೆ ಯಾರಾದರೂ ಹಿರಿಯ ಅಮೆರಿಕನ್ ನಾಯಕರು ಕಾಲಿಟ್ಟರೆ ಬೀಜಿಂಗ್ ಕೆಂಡವಾಗುವುದು ಬರೀ ಹಠವಲ್ಲ. ಮಸುಕನ್ನು ಒರೆಸಲು ಹೊರಟಿದ್ದಾರೆ ಎಂಬ ಭಯ. ಜಗತ್ತಿನ ಅತಿ ಸೂಕ್ಷ್ಮ ಕಂಪ್ಯೂಟರ್ ಚಿಪ್‌ಗಳಲ್ಲಿ ಬಹುಪಾಲು ತಯಾರಾಗುವುದು ಅದೇ ದ್ವೀಪದಲ್ಲಿ ಎಂಬುದು ಈಗ ಬೆಂಕಿಗೆ ಸುರಿದ ತುಪ್ಪ.

ತುಂಬಿ ಹೋಗಿ ಖಾಲಿ ಬರುವ ಹಡಗುಗಳು

2001ರ ಡಿಸೆಂಬರ್ 11ರಂದು ಚೀನಾ ವಿಶ್ವ ವ್ಯಾಪಾರ ಸಂಘಟನೆಯ ಸದಸ್ಯವಾಯಿತು. ಅಗ್ಗದ ದುಡಿಮೆ, ಸರ್ಕಾರವೇ ಹಾಕಿಕೊಟ್ಟ ರಸ್ತೆ, ಬಂದರು, ವಿದ್ಯುತ್ತು, ಒಂದೇ ಊರಿನಲ್ಲಿ ಬಟನ್‌ನಿಂದ ಬ್ಯಾಟರಿಯವರೆಗೆ ಎಲ್ಲವೂ ಸಿಗುವ ಕಾರ್ಖಾನೆಗಳ ಸಾಲು. ಅಮೆರಿಕದ ಕಂಪನಿಗಳು ಲಾಭ ನೋಡಿದವು, ಗ್ರಾಹಕರು ಅಗ್ಗದ ಬೆಲೆ ನೋಡಿದರು, ಒಹಾಯೊ, ಮಿಷಿಗನ್‌ಗಳ ಕಾರ್ಮಿಕರು ಬೀಗ ಬಿದ್ದ ಗೇಟುಗಳನ್ನು ನೋಡಿದರು. 2018ರ ಹೊತ್ತಿಗೆ ಚೀನಾ ಜೊತೆಗಿನ ಸರಕು ವ್ಯಾಪಾರದಲ್ಲಿ ಅಮೆರಿಕದ ಕೊರತೆ ಸುಮಾರು 41,900 ಕೋಟಿ ಡಾಲರ್ ತಲುಪಿತ್ತು.

ಈ ಕೊರತೆ ಎಂಬ ಶಬ್ದ ಬಾಯಲ್ಲಿ ಆಡುವಷ್ಟು ಸುಲಭವಾಗಿ ಮನಸ್ಸಿಗೆ ಇಳಿಯುವುದಿಲ್ಲ. ಕಣ್ಣಿಗೆ ಕಾಣಬೇಕೆಂದರೆ ಲಾಸ್ ಏಂಜಲೀಸ್ ಬಂದರನ್ನು ನೆನೆಯಬೇಕು. ಚೀನಾದಿಂದ ಟಿವಿ, ಆಟಿಕೆ, ಶೂ ತುಂಬಿಕೊಂಡು ಬಂದ ಕಂಟೇನರ್‌ಗಳು ವಾಪಸ್ ಹೋಗುವಾಗ ಖಾಲಿ. ಖಾಲಿ ಹೋಗುವುದಕ್ಕಿಂತ ಏನಾದರೂ ಹೇರಿಕೊಂಡು ಹೋದರೆ ಬಂದಷ್ಟು ಬಂತು ಎಂದು ಹಡಗಿನವರು ಬಾಡಿಗೆಯನ್ನು ತೀರಾ ಇಳಿಸುತ್ತಿದ್ದರು. ಆ ಅಗ್ಗದ ಜಾಗದಲ್ಲಿ ಅಮೆರಿಕ ಕಳಿಸಿದ್ದು ತನ್ನ ರದ್ದಿ. ಹಳೆಯ ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಬಾಟಲಿ, ಲೋಹದ ಚೂರು. ಝಾಂಗ್ ಯಿನ್ ಎಂಬ ಮಹಿಳೆ 1990ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರದ್ದಿ ಪೇಪರ್ ಕೊಂಡು ಚೀನಾಕ್ಕೆ ಕಳಿಸುವ ಕಂಪನಿ ಶುರು ಮಾಡಿದರು. ಅಲ್ಲಿ ಆ ರದ್ದಿಯಿಂದ ಹೊಸ ರಟ್ಟಿನ ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿ ಹೊಸ ಟಿವಿ. ಟಿವಿ ಮತ್ತೆ ಅಮೆರಿಕಕ್ಕೆ. 2006ರಲ್ಲಿ ಅವರು ಚೀನಾದ ಶ್ರೀಮಂತರ ಪಟ್ಟಿಯ ತುದಿಯಲ್ಲಿದ್ದರು.

ಆ ವ್ಯವಹಾರದ ಇನ್ನೊಂದು ಬದಿ ಕೊಳಕು. ತೊಳೆಯದ ಪ್ಲಾಸ್ಟಿಕ್ ವಿಂಗಡಿಸುವ ಹಳ್ಳಿಗಳಲ್ಲಿ ಹಳ್ಳಕೊಳ್ಳ ಕಪ್ಪಾದವು. 2018ರ ಜನವರಿ 1ರಿಂದ 24 ಬಗೆಯ ತ್ಯಾಜ್ಯದ ಆಮದನ್ನು ಚೀನಾ ನಿಲ್ಲಿಸಿತು. ಅಮೆರಿಕದ ಎಷ್ಟೋ ಊರುಗಳಲ್ಲಿ ಜನ ಶ್ರದ್ಧೆಯಿಂದ ವಿಂಗಡಿಸಿ ಇಟ್ಟ ಕಸ ಕೊಳ್ಳುವವರಿಲ್ಲದೆ ಗುಂಡಿಗೆ, ಸುಡುವ ಒಲೆಗೆ ಹೋಯಿತು. ಉಳಿದದ್ದು ಮಲೇಷ್ಯಾ, ವಿಯೆಟ್ನಾಂ, ಥಾಯ್ಲೆಂಡ್, ಒಂದಿಷ್ಟು ಭಾರತದ ಕಡೆಗೂ ತಿರುಗಿತು. ನಾನು ಮರುಬಳಕೆ ಮಾಡುತ್ತಿದ್ದೇನೆ ಎಂದು ಕಾಲು ಶತಮಾನ ಸಮಾಧಾನಪಟ್ಟುಕೊಂಡ ಅಮೆರಿಕದ ಗೃಹಸ್ಥನಿಗೆ, ತನ್ನ ಪುಣ್ಯಕಾರ್ಯ ನಡೆಯುತ್ತಿದ್ದದ್ದು ಖಾಲಿ ಕಂಟೇನರ್‌ನ ಅಗ್ಗದ ಬಾಡಿಗೆಯ ಮೇಲೆ ಎಂದು ಗೊತ್ತೇ ಇರಲಿಲ್ಲ.

ಸುಂಕ ಕಟ್ಟುವವರು ಯಾರು?

ಚೀನಾ ಮೇಲೆ ಸುಂಕ ಎಂಬ ಮಾತನ್ನು ಕೇಳಿದಾಗ ಚೀನಾ ಸರ್ಕಾರ ಅಮೆರಿಕದ ಬೊಕ್ಕಸಕ್ಕೆ ಹಣ ಕಟ್ಟುತ್ತದೆ ಎಂಬ ಚಿತ್ರ ಮೂಡುತ್ತದೆ. ಹಾಗಲ್ಲ. ನೂರು ಡಾಲರ್ ಬೆಲೆಯ ಚೀನಾದ ಮಿಕ್ಸರ್ ಅಮೆರಿಕದ ಬಂದರಿಗೆ ಬಂದಾಗ, ಅದನ್ನು ತರಿಸಿದ ಅಮೆರಿಕದ ವ್ಯಾಪಾರಿ ತನ್ನ ಕಸ್ಟಮ್ಸ್ ಇಲಾಖೆಗೆ ಸುಂಕ ಕಟ್ಟುತ್ತಾನೆ. ಆಮೇಲೆ ಅವನ ಮುಂದೆ ಮೂರು ದಾರಿ. ಗ್ರಾಹಕನ ಮೇಲೆ ಹೊರಿಸಬಹುದು, ತನ್ನ ಲಾಭದಲ್ಲಿ ನುಂಗಿಕೊಳ್ಳಬಹುದು, ಚೀನಾದ ಕಾರ್ಖಾನೆಯವನ ಜೊತೆ ಚೌಕಾಸಿ ಮಾಡಿ ಬೆಲೆ ಇಳಿಸಿಕೊಳ್ಳಬಹುದು. ನಾಲ್ಕನೆಯ ದಾರಿಯೂ ಇದೆ: ಮಿಕ್ಸರ್ ಅನ್ನು ವಿಯೆಟ್ನಾಂನಿಂದ ತರಿಸುವುದು. ಅಲ್ಲಿಯ ಕಾರ್ಖಾನೆಯ ಬಿಡಿಭಾಗ ಚೀನಾದ್ದೇ ಆಗಿದ್ದರೂ ಲೆಕ್ಕದ ಪುಸ್ತಕದಲ್ಲಿ ಕೊರತೆ ಕಡಿಮೆಯಾದಂತೆ ಕಾಣುತ್ತದೆ. 2023ರಲ್ಲಿ ಅಮೆರಿಕಕ್ಕೆ ಅತಿ ಹೆಚ್ಚು ಸರಕು ಕಳಿಸಿದ ದೇಶದ ಸ್ಥಾನವನ್ನು ಚೀನಾದಿಂದ ಮೆಕ್ಸಿಕೊ ಕಿತ್ತುಕೊಂಡಿತು. ಎಷ್ಟು ಸರಕು ಬದಲಾಯಿತು, ಎಷ್ಟು ಬರೀ ಹಣೆಪಟ್ಟಿ ಬದಲಾಯಿತು ಎಂಬುದು ಬೇರೆಯೇ ತಕರಾರು.

2018ರ ಸುಂಕ ಸಮರಕ್ಕೆ 2020ರ ಜನವರಿ 15ರಂದು ಒಂದು ಕದನವಿರಾಮ ಸಿಕ್ಕಿತು. 2017ರ ಮಟ್ಟಕ್ಕಿಂತ 20,000 ಕೋಟಿ ಡಾಲರ್‌ನಷ್ಟು ಹೆಚ್ಚು ಸರಕು ಮತ್ತು ಸೇವೆಗಳನ್ನು ಎರಡು ವರ್ಷದಲ್ಲಿ ಕೊಳ್ಳುವುದಾಗಿ ಚೀನಾ ಮಾತು ಕೊಟ್ಟಿತು. ಕೋವಿಡ್ ಬಂತು, ಮಾತು ನಡೆಯಲಿಲ್ಲ. ಆದರೂ 2022ರಲ್ಲಿ ಎರಡು ದೇಶಗಳ ಸರಕು ವ್ಯಾಪಾರ ಸುಮಾರು 69,000 ಕೋಟಿ ಡಾಲರ್‌ನ ದಾಖಲೆ ಬರೆಯಿತು. ಬೈದಾಡಿಕೊಳ್ಳುತ್ತಲೇ ಒಂದೇ ಅಂಗಡಿಯಲ್ಲಿ ಲೇವಾದೇವಿ.

2025ರಲ್ಲಿ ಆಟ ಹುಚ್ಚುಹಿಡಿಯಿತು. ಫೆಬ್ರುವರಿಯಲ್ಲಿ ಶೇ 10, ಮಾರ್ಚ್‌ನಲ್ಲಿ ಶೇ 20, ಏಪ್ರಿಲ್ ಎರಡನೆಯ ವಾರದಲ್ಲಿ ಒಟ್ಟು ಶೇ 145. ಚೀನಾದ ಉತ್ತರ ಶೇ 125. ಸುಂಕ ಒಂದು ಹಂತ ದಾಟಿದ ಮೇಲೆ ಅದು ಸುಂಕವಲ್ಲ, ನಿಷೇಧ. ನೂರು ಡಾಲರ್‌ನ ಮಿಕ್ಸರ್‌ಗೆ ನೂರ ನಲವತ್ತೈದು ಡಾಲರ್ ತೆರಿಗೆ ಕಟ್ಟಿ ತರಿಸುವವರು ಯಾರು? ಮುಂದಿನ ಅಂಕಿಗೆ ಅರ್ಥವಿಲ್ಲ, ಇನ್ನು ಏರಿಸಿದರೆ ನಗೆಪಾಟಲು ಎಂದು ಬೀಜಿಂಗ್ ಅಲ್ಲಿಗೇ ನಿಲ್ಲಿಸಿತು. ಮೇ 12ರಂದು ಜಿನೀವಾದಲ್ಲಿ ಅಮೆರಿಕ ಶೇ 30ಕ್ಕೆ, ಚೀನಾ ಶೇ 10ಕ್ಕೆ ಇಳಿಸಿದವು.

ಅಷ್ಟು ಬೇಗ ವಾಷಿಂಗ್ಟನ್ ಇಳಿದು ಬಂದದ್ದೇಕೆ? ಸೂಪರ್ ಮಾರ್ಕೆಟ್‌ಗಳ ಕಪಾಟು ಖಾಲಿಯಾಗುವ ಭಯ ಒಂದು. ಇನ್ನೊಂದು ಕಾರಣ ಬೊಗಸೆಯಲ್ಲಿ ಹಿಡಿಸುವ ಮ್ಯಾಗ್ನೆಟ್.

ಮೂಗು ಹಿಡಿಯುವ ಕಲೆ

ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದೆ. ಎರಡೂ ದೇಶಗಳು ಎದುರಾಳಿಯ ಮೂಗು ಎಲ್ಲಿದೆ ಎಂದು ಕಳೆದ ಹತ್ತು ವರ್ಷ ಹುಡುಕಿವೆ. ಅಮೆರಿಕಕ್ಕೆ ಸಿಕ್ಕ ಮೂಗು ಚಿಪ್. 2019ರ ಮೇ ತಿಂಗಳಲ್ಲಿ ಚೀನಾದ ದೂರಸಂಪರ್ಕ ಕಂಪನಿ ಹುವಾವೆಯನ್ನು ಕಪ್ಪುಪಟ್ಟಿಗೆ ಸೇರಿಸಿತು. 2022ರ ಅಕ್ಟೋಬರ್ 7ರಂದು ಕೃತಕ ಬುದ್ಧಿಮತ್ತೆಗೆ ಬೇಕಾದ ಅತಿ ಮುಂದುವರಿದ ಚಿಪ್‌ಗಳನ್ನೂ ಅವನ್ನು ಮಾಡುವ ಯಂತ್ರಗಳನ್ನೂ ಚೀನಾಕ್ಕೆ ಮಾರದಂತೆ ಕಟ್ಟು ಹಾಕಿತು.

ಚೀನಾಕ್ಕೆ ಸಿಕ್ಕಿದ್ದು ವಿರಳ ಭೂಲೋಹಗಳು. ಹೆಸರು ಮೋಸದ್ದು, ಇವು ವಿರಳವಲ್ಲ. ಇವುಗಳಲ್ಲೊಂದಾದ ಸೀರಿಯಂ ಭೂಮಿಯಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಆದರೆ ಹದಿನೇಳು ಲೋಹಗಳು ಅವಳಿ ಜವಳಿಗಳಂತೆ ಒಂದನ್ನೊಂದು ಅಪ್ಪಿಕೊಂಡಿರುತ್ತವೆ. ಬಿಡಿಸಬೇಕೆಂದರೆ ಅದಿರನ್ನು ಆಮ್ಲದಲ್ಲಿ ಕರಗಿಸಿ, ದ್ರಾವಣವನ್ನು ತೊಟ್ಟಿಯಿಂದ ತೊಟ್ಟಿಗೆ ನೂರಾರು ಬಾರಿ ಹಾಯಿಸಬೇಕು. ಪ್ರತಿ ಬಾರಿಯೂ ಕೂದಲೆಳೆಯಷ್ಟು ಬೇರ್ಪಡುತ್ತವೆ. ಕೊನೆಗೆ ಉಳಿಯುವುದು ಆಮ್ಲದ ರಾಡಿ, ಜೊತೆಗೆ ಅದಿರಿನಲ್ಲಿದ್ದ ವಿಕಿರಣಶೀಲ ಥೋರಿಯಂ.

ಒಂದು ಕಾಲದಲ್ಲಿ ಇದರ ರಾಜ ಅಮೆರಿಕವೇ. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ಮೌಂಟನ್ ಪಾಸ್ ಗಣಿಯ ಯುರೋಪಿಯಂನಿಂದಲೇ 1960ರ ದಶಕದ ಕಲರ್ ಟಿವಿಯ ಕೆಂಪು ಬಣ್ಣ ಹೊಳೆದದ್ದು. 1990ರ ದಶಕದಲ್ಲಿ ಗಣಿಯ ತ್ಯಾಜ್ಯನೀರಿನ ಕೊಳವೆ ಮತ್ತೆ ಮತ್ತೆ ಸೋರಿತು. ಪರಿಸರ ಇಲಾಖೆ ಬೆನ್ನು ಹತ್ತಿತು. ಅತ್ತ ಚೀನಾ ಅಗ್ಗದ ಬೆಲೆಗೆ ಮಾರತೊಡಗಿತು. 2002ರಲ್ಲಿ ಗಣಿ ಮುಚ್ಚಿತು. ಆ ರಾಡಿ ಇನ್ನರ್ ಮಂಗೋಲಿಯಾದ ಬಾವೊಟೌ ಊರಿನ ಹೊರಗೆ ಕಪ್ಪು ಕೆರೆಯಾಗಿ ನಿಂತಿತು. ನನ್ನ ದೃಷ್ಟಿಯಲ್ಲಿ ಈ ಇಡೀ ಕಥೆಯ ಕೀಲಿ ಇಲ್ಲಿದೆ. ಅಮೆರಿಕ ಚೀನಾಕ್ಕೆ ಒಪ್ಪಿಸಿದ್ದು ಉದ್ಯಮವನ್ನಷ್ಟೇ ಅಲ್ಲ, ಅದರ ಹೊಲಸನ್ನೂ. ಹೊಲಸನ್ನು ಮೈಮೇಲೆ ಹಾಕಿಕೊಂಡವನ ಕೈಗೆ ಜುಟ್ಟೂ ಸಿಕ್ಕಿತು.

ಚೀನಾ 2010ರ ಸುಮಾರಿಗೆ ಈ ಲೋಹಗಳ ರಫ್ತಿಗೆ ಮಿತಿ ಹಾಕಿದಾಗ ಅಮೆರಿಕ, ಐರೋಪ್ಯ ಒಕ್ಕೂಟ, ಜಪಾನ್ ಸೇರಿ ವಿಶ್ವ ವ್ಯಾಪಾರ ಸಂಘಟನೆಯಲ್ಲಿ ದೂರು ಕೊಟ್ಟವು. ಚೀನಾ ಅಲ್ಲಿ ಮುಂದಿಟ್ಟ ವಾದ ಕೇಳಿ: ನಮ್ಮ ಪರಿಸರ ಕಾಪಾಡಿಕೊಳ್ಳಲು ಹೀಗೆ ಮಾಡಿದ್ದೇವೆ! ಪರಿಸರದ ಕಾಳಜಿಯಾದರೆ ನಿಮ್ಮದೇ ಕಾರ್ಖಾನೆಗಳಿಗೆ ಮಿತಿ ಏಕಿಲ್ಲ ಎಂದು 2014ರಲ್ಲಿ ತೀರ್ಪು ಚೀನಾದ ವಿರುದ್ಧ ಬಂತು. ವಾದ ಕಪಟದ್ದೇ ಇರಬಹುದು, ಆದರೆ ಬಾವೊಟೌ ಕೆರೆ ಕಪಟದ್ದಲ್ಲ.

2025ರ ಏಪ್ರಿಲ್ 4ರಂದು ಚೀನಾ ಏಳು ಭೂಲೋಹಗಳಿಗೂ ಅವುಗಳ ಮ್ಯಾಗ್ನೆಟ್‌ಗಳಿಗೂ ರಫ್ತು ಪರವಾನಗಿ ಕಡ್ಡಾಯ ಮಾಡಿತು. ಜಗತ್ತಿನ ಗಣಿಗಾರಿಕೆಯ ಸುಮಾರು ಶೇ 70, ಶುದ್ಧೀಕರಣದ ಸುಮಾರು ಶೇ 90 ಅದರ ಕೈಯಲ್ಲಿದೆ. ಕಾದರೂ ಶಕ್ತಿ ಕಳೆದುಕೊಳ್ಳದ ಮ್ಯಾಗ್ನೆಟ್‌ಗೆ ಡಿಸ್ಪ್ರೋಸಿಯಂ ಎಂಬ ಭೂಲೋಹ ಚಿಟಿಕೆಯಷ್ಟು ಬೇಕು, ಮೋಟಾರಿಗೆ ಆ ಮ್ಯಾಗ್ನೆಟ್ ಬೇಕು. ಮೇ ತಿಂಗಳಲ್ಲಿ ಫೋರ್ಡ್ ತನ್ನ ಷಿಕಾಗೊ ಕಾರ್ಖಾನೆಯನ್ನು ಒಂದು ವಾರ ನಿಲ್ಲಿಸಬೇಕಾಯಿತು. ನಮ್ಮಲ್ಲಿಯ ವಿದ್ಯುತ್ ಸ್ಕೂಟರ್ ತಯಾರಕರೂ ಆ ಮಳೆಗಾಲದಲ್ಲಿ ಮ್ಯಾಗ್ನೆಟ್‌ಗಾಗಿ ಪರದಾಡಿದರು. ಮತ್ತೆ ತೆರೆದಿದ್ದ ಮೌಂಟನ್ ಪಾಸ್ ಗಣಿಯೂ ಅಲ್ಲಿಯವರೆಗೆ ತನ್ನ ಅದಿರಿನ ಪುಡಿಯ ದೊಡ್ಡ ಪಾಲನ್ನು ಶುದ್ಧೀಕರಣಕ್ಕೆಂದು ಚೀನಾಕ್ಕೇ ಕಳಿಸುತ್ತಿತ್ತು. ಜುಲೈನಲ್ಲಿ ಅಮೆರಿಕದ ರಕ್ಷಣಾ ಇಲಾಖೆ 40 ಕೋಟಿ ಡಾಲರ್ ಹಾಕಿ ಆ ಗಣಿ ಕಂಪನಿಯ ಅತಿ ದೊಡ್ಡ ಷೇರುದಾರನಾಯಿತು. ಮುಕ್ತ ಮಾರುಕಟ್ಟೆಯ ಪಾಠ ಹೇಳುತ್ತಿದ್ದ ದೇಶ ಚೀನಾದ ಪಠ್ಯಪುಸ್ತಕವನ್ನು ಎರವಲು ಪಡೆದ ಹಾಗೆ.

ಅಕ್ಟೋಬರ್ 9ರಂದು ಚೀನಾ ಹಗ್ಗವನ್ನು ಇನ್ನಷ್ಟು ಬಿಗಿದಾಗ ಟ್ರಂಪ್ ಇನ್ನೂ ಶೇ 100 ಸುಂಕದ ಬೆದರಿಕೆ ಹಾಕಿದರು. ಅಕ್ಟೋಬರ್ 30ರಂದು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಟ್ರಂಪ್ ಮತ್ತು ಷಿ ಜಿನ್‌ಪಿಂಗ್ ಕುಳಿತು ಮಾತಾಡಿದರು. ಹೊಸ ನಿರ್ಬಂಧ ಒಂದು ವರ್ಷ ಪಕ್ಕಕ್ಕೆ, ಸುಂಕದಲ್ಲಿ ಶೇ 10 ಇಳಿಕೆ, ಮತ್ತು ಚೀನಾ ಮುಂದಿನ ಮೂರು ವರ್ಷ ವರ್ಷಕ್ಕೆ 2.5 ಕೋಟಿ ಟನ್ ಸೋಯಾ ಕೊಳ್ಳಬೇಕು. 2017ರಲ್ಲಿ, ಯಾವ ಸಮರವೂ ಇಲ್ಲದೆ, ಅದಕ್ಕಿಂತ ಹೆಚ್ಚು ಕೊಳ್ಳುತ್ತಿತ್ತು ಎಂಬುದನ್ನು ಮೇಲೆ ಓದಿದ್ದೀರಿ.

ರಷ್ಯಾದ ತೈಲ ಕೊಂಡದ್ದಕ್ಕೆ 2025ರ ಆಗಸ್ಟ್‌ನಲ್ಲಿ ಭಾರತದ ಮೇಲೆ ಅಮೆರಿಕದ ಹೆಚ್ಚುವರಿ ಶೇ 25 ಸುಂಕ ಬಿತ್ತು, ಒಟ್ಟು ಶೇ 50 ಆಯಿತು. ಅದೇ ತೈಲವನ್ನು ನಮಗಿಂತ ಹೆಚ್ಚು ಕೊಳ್ಳುವ ಚೀನಾಕ್ಕೆ ಆ ದಂಡ ಬೀಳಲಿಲ್ಲ. ಜುಟ್ಟು ಯಾರ ಕೈಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ನನಗೆ ಹೊಳೆಯುತ್ತಿಲ್ಲ. ಹಾಗೆಂದು ನಮಗೆ ಬರೀ ನಷ್ಟವೇ ಅಲ್ಲ. ದೇವನಹಳ್ಳಿಯ ಬಳಿ ಎದ್ದಿರುವ ಫಾಕ್ಸ್‌ಕಾನ್ ಕಾರ್ಖಾನೆ, ನರಸಾಪುರದ ಐಫೋನ್ ಜೋಡಣಾ ಘಟಕ ಎರಡೂ ಚೀನಾವೊಂದನ್ನೇ ನಂಬಿ ಕೂರಬಾರದು ಎಂಬ ಲೆಕ್ಕಾಚಾರದ ಫಲ. ಅಲ್ಲಿ ಜೋಡಿಸುವ ಬಿಡಿಭಾಗಗಳಲ್ಲಿ ಎಷ್ಟೋ ಇನ್ನೂ ಚೀನಾದಿಂದಲೇ ಬರುತ್ತವೆ ಅನ್ನುವುದು ಬೇರೆ ಮಾತು.

ಮರುಭೂಮಿಯ ನಡುವಿನ ನೀರು

ಜಗತ್ತು ವರ್ಷಕ್ಕೆ ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಮೂರನೇ ಒಂದು ಪಾಲು ಚೀನಾದ್ದು, ಶೇ 13ರ ಸುಮಾರು ಅಮೆರಿಕದ್ದು. ಈ ಅಂಕಿ ಹಿಡಿದು ಅಮೆರಿಕ ಚೀನಾದತ್ತ ಬೆರಳು ತೋರುತ್ತದೆ. ಚೀನಾ ಬೇರೆ ಎರಡು ಅಂಕಿ ತೆಗೆಯುತ್ತದೆ: ಕೈಗಾರಿಕಾ ಯುಗದ ಆರಂಭದಿಂದ ಗಾಳಿಗೆ ಸೇರಿದ ಒಟ್ಟು ಹೊಗೆಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಅಮೆರಿಕದ್ದು, ತಲೆಗೆ ಲೆಕ್ಕ ಹಾಕಿದರೆ ಇಂದಿಗೂ ಒಬ್ಬ ಅಮೆರಿಕನ್ನನ ಪಾಲು ಸುಮಾರು 14 ಟನ್, ಚೀನೀಯನದು 8–9 ಟನ್. ಭಾರತೀಯನದು 2 ಟನ್ ಆಸುಪಾಸು. ಮೂರೂ ಅಂಕಿ ಸತ್ಯ. ಯಾವುದನ್ನು ಮೊದಲು ಹೇಳುತ್ತೀರಿ ಎಂಬುದರಲ್ಲಿ ರಾಜಕೀಯ. ಇನ್ನೊಂದು ಲೆಕ್ಕವೂ ಇದೆ. ಒಹಾಯೊದವನು ಕೊಂಡ ಟಿವಿಯ ಹೊಗೆ ಗುವಾಂಗ್‌ಡಾಂಗ್‌ನ ಖಾತೆಗೆ ಬರೆಯಲ್ಪಡುತ್ತದೆ. ಚೀನಾದ ಹೊಗೆಯಲ್ಲಿ ಹತ್ತನೇ ಒಂದು ಭಾಗದ ಆಸುಪಾಸು ಹೀಗೆ ಪರದೇಶದವರ ಬಳಕೆಗಾಗಿ ಎದ್ದದ್ದು ಎಂಬ ಅಂದಾಜಿದೆ.

ಇಷ್ಟೆಲ್ಲ ಇದ್ದೂ ಇಬ್ಬರೂ ಒಂದು ಕಾಲದಲ್ಲಿ ಕೈ ಕುಲುಕಿದರು. 2014ರ ನವೆಂಬರ್‌ನಲ್ಲಿ ಬೀಜಿಂಗ್‌ನಲ್ಲಿ ಒಬಾಮ, ಷಿ ಜಂಟಿಯಾಗಿ ಹೊಗೆಗೆ ಕಡಿವಾಣ ಹಾಕುವ ಗುರಿ ಘೋಷಿಸಿದರು. ಮರುವರ್ಷದ ಪ್ಯಾರಿಸ್ ಒಪ್ಪಂದಕ್ಕೆ ಆ ಘೋಷಣೆಯೇ ಬುನಾದಿ. 2016ರ ಸೆಪ್ಟೆಂಬರ್ 3ರಂದು ಹಾಂಗ್‌ಝೌ ನಗರದಲ್ಲಿ ಇಬ್ಬರೂ ಪ್ಯಾರಿಸ್ ಒಪ್ಪಂದದ ಅನುಮೋದನಾ ಪತ್ರವನ್ನು ವಿಶ್ವಸಂಸ್ಥೆಯ ಬಾನ್ ಕಿ ಮೂನ್ ಅವರ ಕೈಗಿತ್ತರು. ಅದೇ ದಿನ ಅದೇ ಊರಿನ ವಿಮಾನ ನಿಲ್ದಾಣದಲ್ಲಿ ಒಬಾಮ ಅವರಿಗೆ ಕೆಂಪು ಹಾಸಿನ ಏಣಿ ಬರಲಿಲ್ಲ. ವಿಮಾನದ ಹೊಟ್ಟೆಯ ಚಿಕ್ಕ ಮೆಟ್ಟಿಲಿಂದ ಇಳಿಯಬೇಕಾಯಿತು. ಏಣಿ ಏಕೆ ಬರಲಿಲ್ಲ ಎಂಬುದಕ್ಕೆ ಇಬ್ಬರೂ ಬೇರೆ ಬೇರೆ ಕಾರಣ ಹೇಳಿದರು.

ಆಮೇಲೆ ಅಮೆರಿಕ ಪ್ಯಾರಿಸ್‌ನಿಂದ ಹೊರಗೆ ಹೋಯಿತು, 2021ರಲ್ಲಿ ಬೈಡನ್ ಜೊತೆ ಒಳಗೆ ಬಂತು, ಟ್ರಂಪ್ ಎರಡನೆಯ ಬಾರಿ ಬಂದ ಮೇಲೆ ಮತ್ತೆ ನೋಟಿಸ್ ಕೊಟ್ಟು 2026ರ ಜನವರಿಯಲ್ಲಿ ಹೊರಬಿತ್ತು. ನಡುವೆ ಅಮೆರಿಕದ ಜಾನ್ ಕೆರಿ ಮತ್ತು ಚೀನಾದ ಷಿಯೆ ಝೆನ್‌ಹುವಾ ಎಂಬ ಇಬ್ಬರು ಹಿರಿಯ ಪ್ರತಿನಿಧಿಗಳು ಬೇರೆಲ್ಲ ಬಾಗಿಲು ಮುಚ್ಚಿದಾಗಲೂ ಹವಾಮಾನದ ಕಿಟಕಿಯೊಂದನ್ನು ತೆರೆದಿಟ್ಟರು. ಬೇರೆ ಜಗಳವನ್ನು ಇದರೊಳಗೆ ತರುವುದು ಬೇಡ ಎಂಬುದು ಕೆರಿ ಅವರ ಆಸೆ. 2021ರ ಸೆಪ್ಟೆಂಬರ್‌ನಲ್ಲಿ ಚೀನಾದ ವಿದೇಶಾಂಗ ಸಚಿವ ವಾಂಗ್ ಯಿ ಅದಕ್ಕೆ ಕೊಟ್ಟ ಉತ್ತರದ ಸಾರ ಇಷ್ಟು: ನೀವು ಹವಾಮಾನವನ್ನು ಓಯಸಿಸ್ ಮಾಡಬೇಕೆನ್ನುತ್ತೀರಿ, ಸುತ್ತ ಮರುಭೂಮಿಯಿದ್ದರೆ ಓಯಸಿಸ್ ಕೂಡ ಒಂದು ದಿನ ಮರಳಾಗುತ್ತದೆ. ಮುಂದಿನ ವರ್ಷವೇ ಹಾಗಾಯಿತು. 2022ರ ಆಗಸ್ಟ್ 2ರ ರಾತ್ರಿ ಅಮೆರಿಕದ ಸ್ಪೀಕರ್ ನ್ಯಾನ್ಸಿ ಪೆಲೊಸಿ ತೈವಾನ್‌ನಲ್ಲಿ ಇಳಿದರು. ಆಗಸ್ಟ್ 5ರಂದು ಚೀನಾ ಕಡಿದುಹಾಕಿದ ಮಾತುಕತೆಗಳ ಪಟ್ಟಿಯಲ್ಲಿ ಸೇನೆಯ ಜೊತೆಗೆ ಹವಾಮಾನವೂ ಇತ್ತು. 1972ರ ಮಸುಕು ವಾಕ್ಯಕ್ಕೂ ಭೂಮಿಯನ್ನು ಬಿಸಿಮಾಡುವ ಮೀಥೇನ್ ಅನಿಲಕ್ಕೂ ಏನು ಸಂಬಂಧ ಎಂದು ಕೇಳಿದರೆ, ಇದೇ. ಕಿಟಕಿ ಮತ್ತೆ ತೆರೆದು, 2023ರ ನವೆಂಬರ್‌ನಲ್ಲಿ ಸನ್ನಿಲ್ಯಾಂಡ್ಸ್ ಎಂಬ ಎಸ್ಟೇಟ್‌ನ ಹೆಸರಿನ ಜಂಟಿ ಹೇಳಿಕೆಯೂ ಬಂತು. ಈಗ ಅಮೆರಿಕವೇ ಮೇಜಿನಿಂದ ಎದ್ದು ಹೋಗಿದೆ.

ವಿಚಿತ್ರವೆಂದರೆ, ಭೂಮಿ ಉಳಿಸುವ ಸರಕನ್ನೇ ಇಬ್ಬರೂ ಜಗಳಕ್ಕೆ ಎಳೆದಿದ್ದಾರೆ. ಸೌರಫಲಕದ ತಯಾರಿಕೆಯ ಪ್ರತಿ ಹಂತದಲ್ಲೂ ಚೀನಾದ ಪಾಲು ಶೇ 80ಕ್ಕಿಂತ ಹೆಚ್ಚು. 2024ರಲ್ಲಿ ಒಂದೇ ವರ್ಷಕ್ಕೆ ತನ್ನ ನೆಲದಲ್ಲಿ ಅದು ಹಾಕಿಕೊಂಡ ಸೌರ ಸಾಮರ್ಥ್ಯ ಸುಮಾರು 277 ಗಿಗಾವ್ಯಾಟ್. ನಮ್ಮ ಪಾವಗಡದ ಇಡೀ ಸೌರ ಪಾರ್ಕ್ 2 ಗಿಗಾವ್ಯಾಟ್‌ಗಿಂತ ತುಸು ಹೆಚ್ಚು. ಅದೇ ಚೀನಾ ಹೊಸ ಕಲ್ಲಿದ್ದಲು ಸ್ಥಾವರ ಕಟ್ಟುವುದನ್ನೂ ಬಿಟ್ಟಿಲ್ಲ. ಅಮೆರಿಕ 2012ರಿಂದಲೇ ಚೀನಾದ ಫಲಕಗಳಿಗೆ ಸುಂಕ ಹಾಕುತ್ತಾ ಬಂದಿದೆ. ಷಿನ್‌ಜಿಯಾಂಗ್‌ನಲ್ಲಿ ಉಯ್ಗುರ್ ಜನರಿಂದ ಬಲವಂತದ ದುಡಿಮೆ ಎಂಬ ಗಂಭೀರ ಆರೋಪದ ಮೇಲೆ 2022ರಲ್ಲಿ ಆ ಪ್ರಾಂತ್ಯದ ಸರಕನ್ನೇ ತಡೆಯಿತು. ಕಂಪನಿಗಳು ಕಾಂಬೋಡಿಯಾಕ್ಕೆ ಹೋಗಿ ಅಲ್ಲಿಂದ ಕಳಿಸಿದರೆ, 2025ರಲ್ಲಿ ಅಲ್ಲಿಯ ಕೆಲವು ಕಂಪನಿಗಳ ಫಲಕಕ್ಕೆ ಬಿದ್ದ ಸುಂಕ ಶೇ 3,521. ಅಚ್ಚಿನ ತಪ್ಪಲ್ಲ.

ಇನ್ನೊಂದು ಪ್ರಸಂಗ ಹೇಳಿಬಿಡುತ್ತೇನೆ. 2008ರಲ್ಲಿ ಬೀಜಿಂಗ್‌ನ ಅಮೆರಿಕ ರಾಯಭಾರ ಕಚೇರಿ ತನ್ನ ತಾರಸಿಯ ಮೇಲೆ ಗಾಳಿಯ ಸೂಕ್ಷ್ಮ ದೂಳು ಅಳೆಯುವ ಯಂತ್ರ ಇಟ್ಟು, ಗಂಟೆಗೊಮ್ಮೆ ಅಂಕಿಯನ್ನು ಟ್ವಿಟರ್‌ಗೆ ಹಾಕತೊಡಗಿತು. ನಗರದ ಅಧಿಕಾರಿಗಳು ತೆಳುವಾದ ಮಂಜು ಎನ್ನುತ್ತಿದ್ದ ದಿನ ತಾರಸಿಯ ಯಂತ್ರ ಅಪಾಯಕಾರಿ ಎನ್ನುತ್ತಿತ್ತು. 2010ರ ನವೆಂಬರ್‌ನ ಒಂದು ದಿನ ಸೂಚ್ಯಂಕ 500ರ ಗಡಿಯನ್ನೇ ದಾಟಿದಾಗ, ಅಂಥದ್ದು ಬಾರದು ಎಂದುಕೊಂಡು ಯಾರೋ ತಂತ್ರಾಂಶದಲ್ಲಿ ತಮಾಷೆಗೆ ಬರೆದಿಟ್ಟಿದ್ದ 'ಹುಚ್ಚಾಪಟ್ಟೆ ಕೆಟ್ಟದ್ದು' ಎಂಬರ್ಥದ ಶಬ್ದಗಳು ತಾವಾಗಿಯೇ ಪ್ರಕಟವಾಗಿಬಿಟ್ಟವು. 2012ರ ಜೂನ್‌ನಲ್ಲಿ ಚೀನಾದ ಪರಿಸರ ಉಪಸಚಿವರು, ಇದು ರಾಯಭಾರಿಗಳು ಪಾಲಿಸಬೇಕಾದ ವಿಯೆನ್ನಾ ಒಪ್ಪಂದದ ಆಶಯಕ್ಕೆ ವಿರುದ್ಧ, ನಿಲ್ಲಿಸಿ ಎಂದರು. ಅಮೆರಿಕ ನಿಲ್ಲಿಸಲಿಲ್ಲ. ಬೀಜಿಂಗ್‌ನ ಮಧ್ಯಮ ವರ್ಗ ಮಕ್ಕಳನ್ನು ಶಾಲೆಗೆ ಕಳಿಸುವ ಮೊದಲು ಆ ಅಂಕಿ ನೋಡುವುದನ್ನು ರೂಢಿ ಮಾಡಿಕೊಂಡಿತು. ಕೊನೆಗೆ ಚೀನಾ ತಾನೇ ನೂರಾರು ಯಂತ್ರ ಇಟ್ಟು ಅಂಕಿ ಪ್ರಕಟಿಸಿತು, 2013ರಲ್ಲಿ ವಾಯು ಮಾಲಿನ್ಯದ ವಿರುದ್ಧ ದೊಡ್ಡ ಕಾರ್ಯಯೋಜನೆ ಹೊರಡಿಸಿತು. ಆ ವರ್ಷ ಬೀಜಿಂಗ್‌ನ ಗಾಳಿಯಲ್ಲಿ ಸೂಕ್ಷ್ಮ ದೂಳಿನ ವಾರ್ಷಿಕ ಸರಾಸರಿ ಘನ ಮೀಟರಿಗೆ 89.5 ಮೈಕ್ರೊಗ್ರಾಂ; 2024ರಲ್ಲಿ 30.5.

2025ರ ಮಾರ್ಚ್‌ನಲ್ಲಿ ಬೀಜಿಂಗ್, ದೆಹಲಿ ಸೇರಿದಂತೆ ಜಗತ್ತಿನಾದ್ಯಂತದ ತನ್ನ ರಾಯಭಾರ ಕಚೇರಿಗಳ ಗಾಳಿಯ ಅಂಕಿಗಳನ್ನು ಹಂಚಿಕೊಳ್ಳುವುದನ್ನು ಅಮೆರಿಕ ನಿಲ್ಲಿಸಿತು. ಚೀನಾ ಒತ್ತಾಯಿಸಿತು ಎಂದಲ್ಲ. ಬಜೆಟ್‌ನಲ್ಲಿ ಹಣವಿಲ್ಲವಂತೆ.